ಓಪನ್ ವರ್ಲ್ಡ್ ಆರ್‌ಪಿಜಿ: ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಓಪನ್ ವರ್ಲ್ಡ್ ಆರ್‌ಪಿಜಿ ಅಂದರೆ ದೊಡ್ಡ ಲೋಕದಲ್ಲಿ ಬೇಕಾದ ಕಡೆ ಅಲೆಯುತ್ತಾ ಒಂದು ಪಾತ್ರವಾಗಿ ಆಡುವ (ರೋಲ್ ಪ್ಲೇಯಿಂಗ್) ವಿಡಿಯೋ ಗೇಮ್. ಈ ಆಟಗಳ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಪತ್ರದಲ್ಲಿ ಬಂದದ್ದು, ಕಾಮೆಂಟಿನಲ್ಲಿ ಬಂದದ್ದು, ಗೆಳೆಯರು ಎದುರು ಕೂತು ವಾದ ಮಾಡಿದ್ದು, ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಒಂದೇ ಆಟವನ್ನು ಒಬ್ಬರು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಇನ್ನೊಬ್ಬರು ಒಂದು ಗಂಟೆಗೇ ಡಿಲೀಟ್ ಮಾಡುತ್ತಾರೆ. ಈ ಜಗಳಗಳ ಬುಡದಲ್ಲಿ ಇರುವುದು ಒಂದೇ ವಿಷಯ ಅಂತ ನನಗನ್ನಿಸುತ್ತದೆ: ಆಟ ನಿಮ್ಮಿಂದ ಎಷ್ಟು ಗಮನ ಕೇಳುತ್ತದೆ, ನೀವು ಎಷ್ಟು ಕೊಡಲು ತಯಾರಿದ್ದೀರಿ.

## ಈಗಷ್ಟೇ ಶುರು ಮಾಡುವವರಿಗೆ

ಓಪನ್ ವರ್ಲ್ಡ್ ಆರ್‌ಪಿಜಿ ಅಂದ್ರೆ ಏನು? ಜಿಟಿಎ ಕೂಡ ಅದೇ ತಾನೇ?

ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಓಪನ್ ವರ್ಲ್ಡ್ ಹೌದು, ಆರ್‌ಪಿಜಿ ಅಲ್ಲ. ಊರೆಲ್ಲ ಸುತ್ತಬಹುದು, ಆದರೆ ನಾಯಕ ಯಾರು, ಎಂಥವನು ಅನ್ನುವುದನ್ನು ಬರೆದವರು ಮೊದಲೇ ತೀರ್ಮಾನಿಸಿದ್ದಾರೆ. ಆರ್‌ಪಿಜಿಯಲ್ಲಿ ಆ ತೀರ್ಮಾನದ ಒಂದಷ್ಟು ಪಾಲು ನಿಮ್ಮದು. ಕತ್ತಿ ಹಿಡಿಯಬೇಕೋ, ಮಾತಿನಲ್ಲಿ ಗೆಲ್ಲಬೇಕೋ, ಕದ್ದು ಬದುಕಬೇಕೋ, ಯಾರ ಪರ ನಿಲ್ಲಬೇಕೋ ಎಲ್ಲ ನೀವೇ ಆರಿಸುತ್ತೀರಿ. ಹಾಗೆ ಆರಿಸಿದ್ದಕ್ಕೆ ಆಟ ಉತ್ತರ ಕೊಡಬೇಕು. 2011ರ ಸ್ಕೈರಿಮ್, 2015ರ ದಿ ವಿಚರ್ 3, 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್, 2022ರ ಎಲ್ಡನ್ ರಿಂಗ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಆದರೂ ಒಂದರಂತೆ ಇನ್ನೊಂದಿಲ್ಲ.

ಇಮರ್ಶನ್ ಇಮರ್ಶನ್ ಅಂತೀರಲ್ಲ, ಗ್ರಾಫಿಕ್ಸ್ ಚೆನ್ನಾಗಿದ್ರೆ ಸಾಕಲ್ವಾ?

ಸಾಲದು. ಇಮರ್ಶನ್ ಅಂದರೆ ಆಟದ ಲೋಕದೊಳಗೆ ಮುಳುಗಿಹೋಗುವುದು. ಒಳ್ಳೆ ಗ್ರಾಫಿಕ್ಸ್ ಮೊದಲ ದಿನ ಕಣ್ಣು ಸೆಳೆಯುತ್ತದೆ. ಆಮೇಲೆ ಅದು ಅಭ್ಯಾಸವಾಗಿಬಿಡುತ್ತದೆ. 2002ರ ಮಾರೋವಿಂಡ್‌ನಲ್ಲಿ ಜನರ ಮುಖ ಮರದ ಗೊಂಬೆಯ ಹಾಗೆ ಕಾಣುತ್ತದೆ, ದೂರದ್ದೆಲ್ಲ ಮಂಜಿನಲ್ಲಿ ಮುಚ್ಚಿಹೋಗಿರುತ್ತದೆ. ಆದರೂ ಅದರಲ್ಲಿ ಮುಳುಗಿ ಹೊತ್ತು ಮರೆತವರು ಇವತ್ತಿಗೂ ಇದ್ದಾರೆ.

ಆ ಆಟದ ಶುರುವಿನಲ್ಲಿ, ಸೇಡಾ ನೀನ್ ಅನ್ನುವ ಹಳ್ಳಿಯ ಹೊರಗೆ, ಆಕಾಶದಿಂದ ಒಬ್ಬ ಮಂತ್ರವಾದಿ ಕೂಗುತ್ತಾ ಬಂದು ನೆಲಕ್ಕೆ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಒಂದು ಟಿಪ್ಪಣಿ ಪುಸ್ತಕ, ಮೂರು ಮಂತ್ರದ ಸುರುಳಿ ಸಿಗುತ್ತವೆ. ಒಂದು ಸುರುಳಿ ಓದಿ ಜಿಗಿದರೆ ನೀವೂ ಮೋಡದ ತನಕ ಹಾರುತ್ತೀರಿ. ಇಳಿಯುವ ಉಪಾಯ ಮಾಡಿಕೊಂಡಿರದಿದ್ದರೆ ನೀವೂ ಅವನ ಹಾಗೆಯೇ ಸಾಯುತ್ತೀರಿ. ಯಾರೂ ಎಚ್ಚರಿಸುವುದಿಲ್ಲ, ಪರದೆ ಮೇಲೆ ಸಲಹೆ ಬರುವುದಿಲ್ಲ. ಅವನಿಗೆ ಅನ್ವಯಿಸಿದ ನಿಯಮವೇ ನಿಮಗೂ ಅನ್ವಯಿಸುತ್ತದೆ, ಅಷ್ಟೇ. ಈ ಲೋಕಕ್ಕೆ ತನ್ನದೇ ಕಟ್ಟಳೆ ಇದೆ ಅಂತ ನಂಬಿಕೆ ಬರುವುದು ಇಂಥ ಕಡೆ.

ನನ್ನ ಹತ್ರ ಹಳೇ ಲ್ಯಾಪ್‌ಟಾಪ್ ಇದೆ. ಯಾವುದರಿಂದ ಶುರು ಮಾಡ್ಲಿ?

ಮಾರೋವಿಂಡ್, ಅಥವಾ 2010ರ ಫಾಲೌಟ್: ನ್ಯೂ ವೇಗಾಸ್. ಎರಡೂ ಹಳೆಯವು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ಸಾಮಾನ್ಯವಾಗಿ ಓಡುತ್ತವೆ, ಸೇಲ್ ಬಂದಾಗ ಅಗ್ಗಕ್ಕೆ ಸಿಗುತ್ತವೆ. ಮಾರೋವಿಂಡ್ ಕೊಂಡರೆ ಓಪನ್‌ಎಂಡಬ್ಲ್ಯೂ ಅನ್ನುವ ಉಚಿತ ಎಂಜಿನ್ ಮೇಲೆ ಆಡಿ. ಈಗಿನ ಕಂಪ್ಯೂಟರುಗಳಲ್ಲಿ ಹೆಚ್ಚು ತೊಂದರೆ ಕೊಡದೆ ನಡೆಯುತ್ತದೆ.

ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕಥೆ ಅರ್ಥ ಆಗುತ್ತಾ?

ಇದು ನಿಜವಾದ ಅಡ್ಡಿ, ಹಾರಿಕೆಯ ಉತ್ತರ ಕೊಡಲಾರೆ. ಇಲ್ಲಿ ಹೆಸರಿಸಿದ ಯಾವ ಆಟದಲ್ಲೂ ಕನ್ನಡ ಸಬ್‌ಟೈಟಲ್ ಇಲ್ಲ. ಮಾರೋವಿಂಡ್ ಅಂತೂ ಪೂರ್ತಿ ಓದಿನ ಮೇಲೆ ನಿಂತ ಆಟ. ಓದುವುದು ಕಷ್ಟ ಅಂದರೆ ಎಲ್ಡನ್ ರಿಂಗ್ ಅಥವಾ ಸ್ಕೈರಿಮ್ ಹಿಡಿಯಿರಿ. ಎರಡರಲ್ಲೂ ನೋಡಿ, ನಡೆದು, ಹೊಡೆದಾಡಿ ತಿಳಿಯುವುದೇ ಜಾಸ್ತಿ. ವಿಚರ್ 3ರಲ್ಲಿ ಎಲ್ಲ ಮಾತಿಗೂ ದನಿ ಇದೆ, ಸಬ್‌ಟೈಟಲ್ ಜೊತೆಗೆ ಕೇಳುತ್ತಾ ಹೋದರೆ ಕಿವಿ ಹೊಂದಿಕೊಳ್ಳುತ್ತದೆ. ಹೀಗೆ ಆಡಿಯೇ ಇಂಗ್ಲಿಷ್ ಸುಧಾರಿಸಿಕೊಂಡ ಹುಡುಗರನ್ನು ನಾನು ಬಲ್ಲೆ.

## ಆಡಲು ಶುರು ಮಾಡಿ ಗೊಂದಲಕ್ಕೆ ಬಿದ್ದವರಿಗೆ

ಸ್ಕೈರಿಮ್ ಎರಡೇ ದಿನಕ್ಕೆ ಬೋರ್ ಆಯ್ತು. ಜನ ಯಾಕೆ ಅಷ್ಟೊಂದು ಹೊಗಳ್ತಾರೆ?

ಹೊಗಳುವವರು ಒಂದು ಕಾರಣಕ್ಕೆ ಹೊಗಳುತ್ತಾರೆ, ಬೇಸರಪಡುವವರು ಇನ್ನೊಂದು ಕಾರಣಕ್ಕೆ ಬೇಸರಪಡುತ್ತಾರೆ. ಇಬ್ಬರೂ ಸರಿ. ಸ್ಕೈರಿಮ್‌ನ ಸೊಗಸು ಅಲೆದಾಟದಲ್ಲಿದೆ. ಒಂದು ಬೆಟ್ಟ ಕಾಣುತ್ತದೆ, ಹತ್ತುತ್ತೀರಿ, ಆಚೆ ಒಂದು ಗುಹೆ, ಗುಹೆಯೊಳಗೆ ಸತ್ತವನ ಪಕ್ಕ ಒಂದು ಚೀಟಿ. ಸಂಜೆ ಹೀಗೇ ಕಳೆದುಹೋಗುತ್ತದೆ.

ಸೊರಗಿರುವುದು ಕಥೆ ಮತ್ತು ಪರಿಣಾಮ. ಒಂದೆರಡು ಸಣ್ಣ ಮಂತ್ರ ಬಿಟ್ಟರೆ ಏನೂ ಗೊತ್ತಿರದವನೂ ಮಂತ್ರವಾದಿಗಳ ಕಾಲೇಜಿನ ಮುಖ್ಯಸ್ಥನಾಗಬಹುದು. ನೀವು ಡ್ರ್ಯಾಗನ್ ಕೊಂದು ಊರು ಉಳಿಸಿ ಬಂದರೂ ಕಾವಲುಗಾರ ನಿಮ್ಮನ್ನು ದಾರಿಹೋಕನ ಹಾಗೆ ಮಾತಾಡಿಸುತ್ತಾನೆ. ಮುಖ್ಯ ಕಥೆಯನ್ನೇ ಹಿಡಿದು ಓಡಿದರೆ ಎರಡು ದಿನಕ್ಕೆ ಬೋರ್ ಆಗುವುದು ಸಹಜ. ಆ ಕಥೆಯನ್ನು ಪಕ್ಕಕ್ಕಿಟ್ಟು ಒಂದು ದಿಕ್ಕು ಹಿಡಿದು ನಡೆದು ನೋಡಿ. ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ.

ಕ್ವೆಸ್ಟ್ ಮಾರ್ಕರ್ ಆಫ್ ಮಾಡಿ ಆಡು ಅಂದ್ರು. ಮಾಡಿದೆ. ಈಗ ದಾರಿನೇ ಗೊತ್ತಾಗ್ತಿಲ್ಲ!

ತಪ್ಪು ನಿಮ್ಮದಲ್ಲ. ಕ್ವೆಸ್ಟ್ ಮಾರ್ಕರ್ ಅಂದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಪರದೆ ಮೇಲೆ ತೋರಿಸುವ ಗುರುತು. ಮಾರ್ಕರ್ ಇದ್ದೇ ಇರುತ್ತದೆ ಅಂದುಕೊಂಡು ಕಟ್ಟಿದ ಆಟದಲ್ಲಿ ಅದನ್ನು ತೆಗೆದರೆ ಉಳಿಯುವುದು ಕತ್ತಲೆ. ಸ್ಕೈರಿಮ್‌ನಲ್ಲಿ ಎಷ್ಟೋ ಕಡೆ "ಆ ಗುಹೆಯಿಂದ ಆ ವಸ್ತು ತಂದುಕೊಡು" ಅಂತಾರೆ, ಗುಹೆ ಎಲ್ಲಿದೆ ಅಂತ ಹೇಳುವುದೇ ಇಲ್ಲ. ಮಾಡಬೇಕಾದ ಕೆಲಸ ಬರೆದಿಡುವ ಜರ್ನಲ್‌ನಲ್ಲೂ ಇರುವುದಿಲ್ಲ. ಬಾಣದ ಗುರುತು ತೋರಿಸುತ್ತದಲ್ಲ, ಇನ್ನು ಬಾಯಲ್ಲಿ ಯಾಕೆ ಹೇಳಬೇಕು ಅನ್ನುವ ಲೆಕ್ಕ.

ಮಾರೋವಿಂಡ್‌ನಲ್ಲಿ ಮಾರ್ಕರ್ ಇಲ್ಲ, ಅದಕ್ಕೇ ಜನ ಬಾಯಿ ಬಿಟ್ಟು ದಾರಿ ಹೇಳುತ್ತಾರೆ. ಮೊದಲ ಕೆಲಸವನ್ನೇ ನೋಡಿ. ಬಾಲ್ಮೋರಾ ಊರಿಗೆ ಹೋಗಿ ಕೈಯಸ್ ಕೊಸಾಡಿಸ್ ಅನ್ನುವವನನ್ನು ಹುಡುಕಬೇಕು. ಅವನ ಮನೆ ಗೊತ್ತಿಲ್ಲದಿದ್ದರೆ ಸೌತ್ ವಾಲ್ ಅನ್ನುವ ಹೆಂಡದಂಗಡಿಯಲ್ಲಿ ವಿಚಾರಿಸಬೇಕು. ಅಂಗಡಿ ಹುಡುಕಿ, ಕೇಳಿ, ಮೆಟ್ಟಿಲು ಹತ್ತಿ, ಬಾಗಿಲು ತಟ್ಟುವ ಹೊತ್ತಿಗೆ ಬಾಲ್ಮೋರಾದ ಓಣಿಗಳು ನಿಮಗೆ ಗೊತ್ತಾಗಿರುತ್ತವೆ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆ ದಾಟಿ ಎಡಕ್ಕೆ ತಿರುಗಿ ಅಂತ ಹೇಳಿಸಿಕೊಂಡು ಹೋದ ದಾರಿ ಮರೆಯುವುದಿಲ್ಲವಲ್ಲ, ಹಾಗೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆಮೇಲೆ ಆರ್ಕ್‌ನ್‌ಗ್ಥಾಂಡ್ ಅನ್ನುವ ಪಾಳು ಕೋಟೆಯಿಂದ ಒಂದು ಪುಟ್ಟ ಪೆಟ್ಟಿಗೆ ತರಬೇಕಾಗುತ್ತದೆ. ಅದು ಒಳಗಿನ ಒಂದು ಕೋಣೆಯ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದೆ. ಹುಡುಕಿ ಹುಡುಕಿ ಸಾಕಾಗಿ ಆಟವನ್ನೇ ಬಿಟ್ಟವರಿದ್ದಾರೆ. ದಿನಕ್ಕೆ ಒಂದೇ ಗಂಟೆ ಬಿಡುವು ಸಿಗುವವರಿಗೆ ಆ ಗಂಟೆಯೆಲ್ಲ ಕಪಾಟು ತಡಕುವುದರಲ್ಲೇ ಕಳೆದರೆ ಸಿಟ್ಟು ಬರದೆ ಇರುತ್ತದೆಯೇ? ಮಾರ್ಕರ್ ಬೇಕು ಅನ್ನುವವರನ್ನು ಸೋಮಾರಿಗಳು ಅಂತ ಹೀಯಾಳಿಸುವವರ ಜೊತೆ ನಾನು ಸೇರುವುದಿಲ್ಲ. ಮಾರ್ಕರ್ ಇರಲಿ, ಅದರ ಜೊತೆಗೆ ಬಾಯಲ್ಲೂ ದಾರಿ ಹೇಳಲಿ. ಆಗ ಯಾರು ಹೇಗೆ ಬೇಕಾದರೂ ಆಡಬಹುದು.

ಫಾಸ್ಟ್ ಟ್ರಾವೆಲ್ ಮಾಡಿದ್ರೆ ಆಟ ಹಾಳಾಗುತ್ತಾ?

ಫಾಸ್ಟ್ ಟ್ರಾವೆಲ್ ಅಂದರೆ ನಡೆಯದೆ, ನಕ್ಷೆಯಲ್ಲಿ ಜಾಗ ಆರಿಸಿ ನೇರ ಅಲ್ಲಿಗೆ ತಲುಪುವುದು. ನಡೆಯುವ ದಾರಿಯಲ್ಲಿ ಏನಾದರೂ ಇದ್ದರೆ ಹಾಳಾಗುತ್ತದೆ, ಏನೂ ಇಲ್ಲದಿದ್ದರೆ ಇಲ್ಲ. ನನಗೆ ಇಷ್ಟವಾಗುವುದು ನಡುವಿನ ದಾರಿ. ಮಾರೋವಿಂಡ್‌ನಲ್ಲಿ ಸಿಲ್ಟ್ ಸ್ಟ್ರೈಡರ್ ಅನ್ನುವ ದೈತ್ಯ ಹುಳದ ಮೇಲೆ ಕಾಸು ಕೊಟ್ಟು ಪ್ರಯಾಣ ಮಾಡಬೇಕು, ಅದೂ ಕೆಲವು ಊರುಗಳಿಗೆ ಮಾತ್ರ. ಮಿಕ್ಕ ಊರಿಗೆ ದೋಣಿ, ಇಲ್ಲವೇ ನಡಿಗೆ. ಎಲ್ಲಿಂದ ಎಲ್ಲಿಗೆ ಯಾವುದು ಹೋಗುತ್ತದೆ ಅಂತ ತಲೆಯಲ್ಲೇ ಒಂದು ನಕ್ಷೆ ಮೂಡುತ್ತದೆ.

ಮ್ಯಾಪ್ ದೊಡ್ಡದಾದಷ್ಟೂ ಒಳ್ಳೇದಲ್ವಾ?

ಹಾಗಿದ್ದರೆ 1996ರ ಡ್ಯಾಗರ್‌ಫಾಲ್ ಎಲ್ಲಕ್ಕಿಂತ ಒಳ್ಳೆಯ ಆಟ ಆಗಬೇಕಿತ್ತು. ಅದರಲ್ಲಿ ಊರು, ಹಳ್ಳಿ, ಸುರಂಗ ಎಲ್ಲ ಸೇರಿ 15,000ಕ್ಕೂ ಹೆಚ್ಚು ಜಾಗಗಳಿವೆ. ಬಹುಪಾಲನ್ನು ಕಂಪ್ಯೂಟರೇ ಸೂತ್ರ ಹಿಡಿದು ಹೆಣೆದದ್ದು. ಹಾಗಾಗಿ ಒಂದು ಹಳ್ಳಿ ನೋಡಿದರೆ ನೂರು ಹಳ್ಳಿ ನೋಡಿದ ಹಾಗೆ. 2023ರ ಸ್ಟಾರ್‌ಫೀಲ್ಡ್ 1,000ಕ್ಕೂ ಹೆಚ್ಚು ಗ್ರಹ ಕೊಟ್ಟಿತು, ಅದೇ ದೂರು ಮತ್ತೆ ಕೇಳಿಬಂತು: ಬೇರೆ ಗ್ರಹಕ್ಕೆ ಇಳಿದರೂ ಅದೇ ಕಟ್ಟಡ, ಮೇಜಿನ ಮೇಲೆ ಅದೇ ಸಾಮಾನು. ವಿಚರ್ 3 ಎಷ್ಟು ಒಳ್ಳೆಯದಾದರೂ ಅದರ ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಿ ತೇಲುವ ಪ್ರಶ್ನಾರ್ಥಕ ಚಿಹ್ನೆಗಳನ್ನು ಮೆಚ್ಚಿದವರು ಕಡಿಮೆ. ದೋಣಿ ನಡೆಸಿ ಹೋದರೆ ಸಿಗುವುದು ಕಳ್ಳಸಾಗಣೆಯ ಪೀಪಾಯಿ, ಮುಂದಿನದರಲ್ಲೂ ಪೀಪಾಯಿ.

2001ರ ಜರ್ಮನ್ ಆಟ ಗಾಥಿಕ್ ಇದಕ್ಕೆ ತದ್ವಿರುದ್ಧ. ಒಂದೇ ಕಣಿವೆ, ಮೂರು ಶಿಬಿರ. ಕೆಲವೇ ದಿನದಲ್ಲಿ ಪ್ರತಿ ಗುಡಿಸಲೂ ಪರಿಚಯ. ಯಾರದೋ ಗುಡಿಸಲಿಗೆ ನುಗ್ಗಿದರೆ ಬೈದು ಓಡಿಸುತ್ತಾರೆ. ನನ್ನ ಆಯ್ಕೆ ಕೇಳಿದರೆ ಆ ಕಣಿವೆಯೇ.

ಕಿಂಗ್‌ಡಮ್ ಕಮ್‌ನಲ್ಲಿ ಗೇಮ್ ಸೇವ್ ಮಾಡೋಕೂ ಬಾಟಲಿ ಬೇಕಂತೆ! ಇದು ಹಿಂಸೆ ಅಲ್ವಾ?

ಹಿಂಸೆ ಅನ್ನುವವರೂ ಇದ್ದಾರೆ, ಇದೇ ಆಟದ ಜೀವ ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಒಂದು ತಕರಾರು ಮಾತ್ರ ಇದೆ.

ಮೊದಲು ಆಟ ಏನು ಅಂತ ಹೇಳುತ್ತೇನೆ. ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್ ಮಾಡಿದ ಆಟ ಇದು. ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದಲ್ಲಿ. ಡ್ರ್ಯಾಗನ್ ಇಲ್ಲ, ಮಂತ್ರ ಇಲ್ಲ. ನೀವು ಹೆನ್ರಿ, ಕಮ್ಮಾರನ ಮಗ. ಮೊದಲ ಬೆಳಿಗ್ಗೆ ಅಪ್ಪ ಒಂದು ಕೆಲಸ ಹೇಳುತ್ತಾನೆ: ಕುನೇಶ್ ಅನ್ನುವವನು ಕೊಡಲಿ, ಸುತ್ತಿಗೆ, ಮೊಳೆ ತಗೊಂಡು ದುಡ್ಡು ಕೊಟ್ಟಿಲ್ಲ, ವಸೂಲಿ ಮಾಡಿಕೊಂಡು ಬಾ. ಕುನೇಶ್ ಕುಡಿದಿದ್ದಾನೆ, ಕೊಡುವುದಿಲ್ಲ. ಬೇರೆ ಆಟದಲ್ಲಿ ನಾಯಕ ಇಂಥವನನ್ನು ಒಂದೇಟಿಗೆ ಕೆಡವುತ್ತಾನೆ. ಇಲ್ಲಿ ಹೊಡೆದಾಡಿದರೆ ಸಾಮಾನ್ಯವಾಗಿ ಒದೆ ತಿನ್ನುವುದು ಹೆನ್ರಿಯೇ. ಮಾತಾಡಿ ಒಪ್ಪಿಸಬಹುದು, ಗೆಳೆಯರನ್ನು ಕರೆತರಬಹುದು, ಮನೆಗೆ ನುಗ್ಗಿ ಸಾಮಾನು ಎತ್ತಿಕೊಂಡು ಬರಬಹುದು.

ಹೆನ್ರಿಗೆ ಓದಲೂ ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಹಿಂದುಮುಂದಾಗಿ ಕಾಣುತ್ತವೆ. ಉಝಿತ್ಸ್ ಊರಿನ ಬರಹಗಾರನ ಹತ್ತಿರ ಹೋಗಿ ಕಲಿತ ಮೇಲೆ ಪದಗಳು ನಿಧಾನಕ್ಕೆ ನೆಟ್ಟಗಾಗುತ್ತವೆ. ಕೌಶಲದ ಅಂಕಿ ಏರಿತು ಅಂತ ತೋರಿಸುವ ಬದಲು ಆಟ ನಿಮಗೆ ಓದುವ ಕಷ್ಟವನ್ನೇ ಕೊಟ್ಟಿದೆ. ಬಟ್ಟೆ ಕೊಳೆಯಾಗಿದ್ದರೆ, ರಕ್ತ ಮೆತ್ತಿದ್ದರೆ, ಜನ ಗಮನಿಸುತ್ತಾರೆ, ನಿಮ್ಮ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಈಗ ಬಾಟಲಿಯ ವಿಷಯ. ಬೇಕೆಂದಾಗ ಸೇವ್ ಮಾಡಲು ಸೇವಿಯರ್ ಶ್ನಾಪ್ಸ್ ಅನ್ನುವ ಮದ್ಯ ಕುಡಿಯಬೇಕು. ಕೊಂಡುಕೊಳ್ಳಬಹುದು, ಇಲ್ಲವೇ ವೈನ್‌ಗೆ ತುರಿಕೆ ಗಿಡ, ಬೆಲಡೋನ ಹಾಕಿ ನೀವೇ ಕಾಯಿಸಿ ಮಾಡಬಹುದು. ಬಾಡಿಗೆಯ ಅಥವಾ ಸ್ವಂತ ಹಾಸಿಗೆಯಲ್ಲಿ ಮಲಗಿದರೂ ಸೇವ್ ಆಗುತ್ತದೆ. ಇದರ ಪರಿಣಾಮ ಏನೆಂದರೆ, ಕಾಡಿನಲ್ಲಿ ಮೂವರು ದರೋಡೆಕೋರರು ಕಂಡಾಗ ನೀವು ಯೋಚಿಸುತ್ತೀರಿ. ಓಡುತ್ತೀರಿ. ಕಳ್ಳತನಕ್ಕೆ ಕೈ ಹಾಕುವ ಮೊದಲು ಸುತ್ತ ನೋಡುತ್ತೀರಿ.

ತಕರಾರು ಇದು: ಆಟ ಬಿಡುಗಡೆಯಾದಾಗ ಸೇವ್ ಮಾಡಿ ಹೊರಬರುವ ಸೌಲಭ್ಯವೂ ಇರಲಿಲ್ಲ. ಕರೆಂಟ್ ಹೋಗುವ ಊರುಗಳಲ್ಲಿ, ಮನೆಯಲ್ಲಿ ಯಾರೋ ಕರೆದಾಗ ಏಳಬೇಕಾದವರಿಗೆ ಇದು ಶಿಕ್ಷೆಯೇ ಆಗಿತ್ತು. ಆಮೇಲೆ ಅಪ್‌ಡೇಟ್‌ನಲ್ಲಿ ಆ ಸೌಲಭ್ಯ ಸೇರಿಸಿದರು. ಲೋಕದೊಳಗಿನ ಕಷ್ಟ ಬೇರೆ, ಆಡುವವರ ಬದುಕಿಗೆ ಕೊಡುವ ಕಷ್ಟ ಬೇರೆ. ಎರಡನೆಯದನ್ನು ಇಮರ್ಶನ್ ಹೆಸರಿನಲ್ಲಿ ಸಮರ್ಥಿಸಬಾರದು.

ಎಲ್ಡನ್ ರಿಂಗ್‌ನಲ್ಲಿ ಈಸಿ ಮೋಡ್ ಯಾಕಿಲ್ಲ? ನಮ್ಮಂಥವರು ಆಡೋದೇ ಬೇಡ್ವಾ?

ಆಡಿ. ಈಸಿ ಮೋಡ್ ಮೆನುವಿನಲ್ಲಿಲ್ಲ, ಆಟದೊಳಗೆ ಅಲ್ಲಲ್ಲಿ ಇದೆ. ಹೊರಗೆ ಬಂದ ಕೂಡಲೇ ಲಿಮ್‌ಗ್ರೇವ್‌ನಲ್ಲಿ ಕುದುರೆ ಮೇಲೊಬ್ಬ ಚಿನ್ನದ ಕವಚದ ಸವಾರ ಕಾಣುತ್ತಾನೆ. ಎದುರು ಹೋದರೆ ಒಂದೆರಡು ಏಟಿಗೆ ಕಥೆ ಮುಗಿಯುತ್ತದೆ. ಅವನನ್ನು ಬಳಸಿಕೊಂಡು ಹೋಗಿ, ಬೇರೆ ಕಡೆ ಅಲೆದು, ಬಲ ಹೆಚ್ಚಿಸಿಕೊಂಡು ಬನ್ನಿ. ಜೊತೆಗೆ ಹೋರಾಡುವ ಆತ್ಮಗಳನ್ನು ಕರೆಯಿರಿ, ಆನ್‌ಲೈನ್‌ನಲ್ಲಿ ಬೇರೆ ಆಟಗಾರರ ನೆರವು ಪಡೆಯಿರಿ. ಇದನ್ನೆಲ್ಲ ಮೋಸ ಅನ್ನುವವರ ಮಾತಿಗೆ ಕಿವಿಗೊಡಬೇಡಿ, ಮಾಡಿದವರೇ ಇಟ್ಟಿರುವ ದಾರಿಗಳಿವು. ಆದರೆ ಮಗು ಅತ್ತಾಗ ಎದ್ದುಹೋಗಲು ಆಟವನ್ನು ತಡೆದು ನಿಲ್ಲಿಸುವ ನೇರವಾದ ಪಾಜ್ ಬಟನ್ ಇಲ್ಲದಿರುವುದನ್ನು ನಾನು ಒಪ್ಪುವುದಿಲ್ಲ.

## ಬಹಳ ಆಡಿದವರು ಕೇಳುವುದು

ಕಥೆಯಲ್ಲಿ ಮಗಳು ಅಪಾಯದಲ್ಲಿದ್ದಾಳೆ, ನಾನು ಹೆಂಡದಂಗಡೀಲಿ ಕಾರ್ಡ್ಸ್ ಆಡ್ತಾ ಕೂತಿದೀನಿ. ಇದು ಸರೀನಾ?

ವಿಚರ್ 3ರ ಮಾತು ಇದು ಅಂತ ಗೊತ್ತಾಯಿತು. ನಾಯಕ ಗೆರಾಲ್ಟ್ ತನ್ನ ಮಗಳಂತೆ ಸಾಕಿದ ಸಿರಿಯನ್ನು ಹುಡುಕಬೇಕು, ಅವಳ ಬೆನ್ನಿಗೆ ವೈಲ್ಡ್ ಹಂಟ್ ಅನ್ನುವ ಭೀಕರ ಸವಾರರ ಪಡೆ ಬಿದ್ದಿದೆ. ನೀವು ಮಾತ್ರ ಗ್ವೆಂಟ್ ಅನ್ನುವ ಕಾರ್ಡ್ಸ್ ಆಟ ಆಡಿ ಎಲೆ ಗೆಲ್ಲುತ್ತಿದ್ದೀರಿ. ಫಾಲೌಟ್ 4ರಲ್ಲೂ ಇದೇ ಪಾಡು. ಮಗನನ್ನು ಕದ್ದೊಯ್ದಿದ್ದಾರೆ, ಅಪ್ಪನೋ ಅಮ್ಮನೋ ಮನೆ ಕಟ್ಟಲು ತಗಡು ಹುಡುಕುತ್ತಿದ್ದಾರೆ. ಓಪನ್ ವರ್ಲ್ಡ್ ನಿಧಾನಿಸು ಅನ್ನುತ್ತದೆ, ಕಥೆ ಓಡು ಅನ್ನುತ್ತದೆ.

ಮಾರೋವಿಂಡ್ ಇದನ್ನು ಜಾಣತನದಿಂದ ಬಿಡಿಸಿತ್ತು. ಕೊಸಾಡಿಸ್ ಸಿಕ್ಕ ಮೇಲೆ ಅವನೇ ಹೇಳುತ್ತಾನೆ, ನೀನಿನ್ನೂ ಹೊಸಬ, ಎಲ್ಲಾದರೂ ಸೇರಿಕೊಂಡು ಅನುಭವ ಪಡೆದು ಬಾ ಅಂತ. ಅಲೆದಾಟವೇ ಕಥೆಯ ಭಾಗವಾಯಿತು. ವಿಚರ್ 3ರಲ್ಲಿ ಆ ಬಿರುಕು ಇದ್ದೇ ಇದೆ. ಅದನ್ನು ಕ್ಷಮಿಸುವ ಹಾಗೆ ಮಾಡುವುದು ಬ್ಲಡಿ ಬ್ಯಾರನ್‌ನಂಥ ಭಾಗಗಳು. ಹೆಂಡತಿಯನ್ನು ಹೊಡೆದ ಕುಡುಕ, ಆದರೂ ಅವನ ದುಃಖ ಸುಳ್ಳಲ್ಲ. ಅವನ ಬಗ್ಗೆ ತೀರ್ಪು ಕೊಡುವುದು ಸುಲಭವಲ್ಲ, ಯಾವ ಆಯ್ಕೆ ಮಾಡಿದರೂ ಮನಸ್ಸು ಹಗುರಾಗುವುದಿಲ್ಲ.

ಲೆವೆಲ್ ಸ್ಕೇಲಿಂಗ್ ಬಗ್ಗೆ ಯಾಕೆ ಇಷ್ಟು ಜಗಳ?

2006ರ ಒಬ್ಲಿವಿಯನ್‌ನಲ್ಲಿ ನೀವು ಬಲಿತ ಹಾಗೆ ಲೋಕವೆಲ್ಲ ಬಲಿಯುತ್ತದೆ. ಕೊನೆಗೆ ದಾರಿಯಲ್ಲಿ ಚಿಲ್ಲರೆ ಕಾಸು ಕೇಳುವ ದರೋಡೆಕೋರನೂ ಅರಮನೆ ಕೊಳ್ಳುವಷ್ಟು ಬೆಲೆಬಾಳುವ ಕವಚ ತೊಟ್ಟು ನಿಲ್ಲುತ್ತಾನೆ. ಎಲ್ಲಿಗೆ ಯಾವಾಗ ಹೋದರೂ ಆಡಬಹುದು ಅನ್ನುವುದು ಇದರ ಲಾಭ. ನಷ್ಟ ಏನೆಂದರೆ ಭಯ ಹೋಗುತ್ತದೆ, ಗೆದ್ದ ಖುಷಿಯೂ ಹೋಗುತ್ತದೆ.

ನ್ಯೂ ವೇಗಾಸ್ ಹಾಗಲ್ಲ. ಶುರುವಿನ ಊರಿಂದ ನೇರ ಉತ್ತರಕ್ಕೆ ಹೋದರೆ ವೇಗಾಸ್ ಹತ್ತಿರ, ಆದರೆ ಆ ದಾರಿಯಲ್ಲಿ ಕಾಜಡೋರ್, ಡೆತ್‌ಕ್ಲಾ ಅನ್ನುವ ಭಯಂಕರ ಪ್ರಾಣಿಗಳಿವೆ. ಊರಿನವರೇ ಎಚ್ಚರಿಸುತ್ತಾರೆ. ಹಾಗಾಗಿ ದಕ್ಷಿಣಕ್ಕೆ ಸುತ್ತು ಹಾಕಿ ಹೋಗುತ್ತೀರಿ, ಆ ಸುತ್ತಿನಲ್ಲೇ ಕಥೆಯ ಜನರೆಲ್ಲ ಸಿಗುತ್ತಾರೆ. ಗಟ್ಟಿಗರು ಉತ್ತರದಲ್ಲೇ ನುಸುಳಿಕೊಂಡು ಹೋಗುವುದೂ ಉಂಟು, ಆಟ ತಡೆಯುವುದಿಲ್ಲ. ಲೋಕಕ್ಕೆ ಒಂದು ಆಕಾರ ಬರುವುದು ಹೀಗೆ.

ಮಾಡ್ ಹಾಕಿಕೊಂಡು ಆಡೋದು ನಿಜವಾದ ಆಟನಾ?

ಹೌದು. ಮಾಡ್ ಅಂದರೆ ಆಟವನ್ನು ಬದಲಿಸಲು ಆಟಗಾರರೇ ಮಾಡಿ ಹಂಚುವ ಸೇರ್ಪಡೆ. ಮೊದಲ ಸಲ ಮಾತ್ರ ದೋಷ ಸರಿಪಡಿಸುವ ಮಾಡ್ ಬಿಟ್ಟು ಬೇರೇನೂ ಹಾಕಬೇಡಿ. ಎರಡನೇ ಸಲ ಚಳಿ, ಹಸಿವು, ನಿದ್ದೆ ಸೇರಿಸುವ ಮಾಡ್ ಹಾಕಿ ನೋಡಿ, ಸ್ಕೈರಿಮ್‌ನ ಹಿಮ ಆಗ ಬರೀ ಚಿತ್ರವಾಗಿ ಉಳಿಯುವುದಿಲ್ಲ. ಅದೇ ಆಟದ ಮೇಲೆ ಜರ್ಮನಿಯ ಹವ್ಯಾಸಿಗಳು 2016ರಲ್ಲಿ ಎಂಡೆರಲ್ ಅನ್ನುವ ಪೂರ್ತಿ ಹೊಸ ಲೋಕವನ್ನೇ ಕಟ್ಟಿ ಉಚಿತವಾಗಿ ಕೊಟ್ಟರು. ಅದರ ಕಥೆ ಸ್ಕೈರಿಮ್‌ಗಿಂತ ಗಟ್ಟಿ.

ಎಐ ಬಂದಿದೆಯಲ್ಲ, ಇನ್ಮೇಲೆ ಆಟದ ಜನ ನಿಜವಾದ ಜನರ ಹಾಗೆ ಮಾತಾಡ್ತಾರಾ?

ಆಗಲೇ ಮಾತಾಡುತ್ತಿದ್ದಾರೆ. ಸ್ಕೈರಿಮ್‌ಗೆ ಮಂಟೆಲ್ಲಾ ಅನ್ನುವ ಮಾಡ್ ಇದೆ, ಮೈಕಿನಲ್ಲಿ ಏನು ಕೇಳಿದರೂ ಊರಿನವರು ಉತ್ತರ ಕೊಡುತ್ತಾರೆ. ಸ್ವಲ್ಪ ಹೊತ್ತು ಬೆರಗಾಗುತ್ತದೆ. ಆದರೆ ಎಷ್ಟು ಬೇಕಾದರೂ ಮಾತಾಡುವ ಹೋಟೆಲಿನವಳಿಗಿಂತ, ನೀವು ಹೋದ ವಾರ ಕದ್ದದ್ದನ್ನು ನೆನಪಿಟ್ಟುಕೊಂಡು ಕೋಣೆ ಇಲ್ಲ ಅನ್ನುವವಳು ನನಗೆ ಹೆಚ್ಚು ನಿಜ ಅನ್ನಿಸುತ್ತಾಳೆ. ಒಂದೇ ಸಾಲು ಹೇಳಿದರೂ ಸಾಕು, ಅದು ನಾನು ಮಾಡಿದ್ದಕ್ಕೆ ಹೊಂದಿರಬೇಕು.

ಒಬ್ಬರು ಹತ್ತಕ್ಕೆ ಹತ್ತು ಕೊಡ್ತಾರೆ, ಇನ್ನೊಬ್ಬರು ಕಸ ಅಂತಾರೆ. ಯಾರನ್ನ ನಂಬ್ಲಿ?

ಯಾವ ಯಂತ್ರದಲ್ಲಿ, ಎಷ್ಟು ಹೊತ್ತು ಆಡಿ ಹೇಳಿದ್ದಾರೆ ಅಂತ ಮೊದಲು ನೋಡಿ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದಾಗ ವಿಮರ್ಶಕರಿಗೆ ಮೊದಲೇ ಸಿಕ್ಕಿದ್ದು ಪಿಸಿ ಆವೃತ್ತಿ. ಅಂಕಗಳು ಚೆನ್ನಾಗಿದ್ದವು. ಹಳೆ ಪ್ಲೇಸ್ಟೇಷನ್ 4ರಲ್ಲಿ ಕೊಂಡವರಿಗೆ ಆಟ ನೆಟ್ಟಗೆ ಓಡಲೇ ಇಲ್ಲ. ಸೋನಿ ತನ್ನ ಅಂಗಡಿಯಿಂದಲೇ ಅದನ್ನು ತೆಗೆದು ದುಡ್ಡು ವಾಪಸ್ ಕೊಟ್ಟಿತು. ಅದೇ ಆಟ 2023ರಲ್ಲಿ 2.0 ಅಪ್‌ಡೇಟ್, ಫ್ಯಾಂಟಮ್ ಲಿಬರ್ಟಿ ಅನ್ನುವ ಹೆಚ್ಚುವರಿ ಕಥೆ ಬಂದ ಮೇಲೆ ಬೇರೆಯೇ ಆಗಿತ್ತು.

ಆಮೇಲೆ, ಅಂಕ ಬಿಟ್ಟು ದೂರುಗಳನ್ನು ಓದಿ. "ಬರೀ ನಡೆಯೋದೇ ಆಯ್ತು" ಅಂತ ಒಬ್ಬರು ಬೈದಿದ್ದರೆ, ನಡೆಯುವುದು ಇಷ್ಟವಿರುವ ನಿಮಗೆ ಅದೇ ಶಿಫಾರಸು. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇಷ್ಟು ದೊಡ್ಡ ಆಟಕ್ಕೆ ಆ 2 ಗಂಟೆ ತೀರಾ ಕಡಿಮೆ, ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೋ ಇಲ್ಲವೋ ಅಂತ ತಿಳಿಯಲು ಸಾಕು.

ನಮ್ಮ ಕಡೆ ಕಥೆ ಇಟ್ಕೊಂಡು ಇಂಥ ಆಟ ಬರಲ್ವಾ?

ಕೈಚಳಕಕ್ಕೆ ಕೊರತೆ ಇಲ್ಲ. ಆಟ ತಯಾರಿಸುವ ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲೇ ಶುರುವಾಗಿತ್ತು, 2019ರಲ್ಲಿ ಅದನ್ನು ಜಿಟಿಎ ಮಾಡಿದ ರಾಕ್‌ಸ್ಟಾರ್ ಕೊಂಡುಕೊಂಡಿತು. ರೆಡ್ ಡೆಡ್ ರಿಡೆಂಪ್ಶನ್ 2ರ ಕೆಲಸದಲ್ಲಿ ರಾಕ್‌ಸ್ಟಾರ್‌ನ ಬೆಂಗಳೂರು ಕಚೇರಿಯ ಪಾಲೂ ಇದೆ. ಕೊರತೆ ಇರುವುದು ನಮ್ಮದೇ ಕಥೆಗೆ ಹಣ ಹಾಕುವವರದ್ದು.

ವಾರ್‌ಹಾರ್ಸ್‌ನವರಿಗೂ ಮೊದಲು ಇದೇ ಕಷ್ಟ ಇತ್ತು. ಡ್ರ್ಯಾಗನ್ ಇಲ್ಲದ ಮಧ್ಯಯುಗದ ಆಟವನ್ನು ಯಾರು ಕೊಳ್ಳುತ್ತಾರೆ ಅನ್ನುವ ಅನುಮಾನ ಕಾಡುತ್ತಿತ್ತು. 2014ರಲ್ಲಿ ಕಿಕ್‌ಸ್ಟಾರ್ಟರ್ ಅನ್ನುವ ಹಣ ಸಂಗ್ರಹದ ತಾಣದಲ್ಲಿ ಜನರನ್ನೇ ಕೇಳಿದರು. 3 ಲಕ್ಷ ಪೌಂಡ್ ಕೇಳಿದ್ದಕ್ಕೆ 11 ಲಕ್ಷಕ್ಕೂ ಹೆಚ್ಚು ಬಂತು. ಹೆನ್ರಿಯ ಊರು ಸುಟ್ಟುಹೋದ ಅದೇ 1403ರಲ್ಲಿ ವಿಜಯನಗರವನ್ನು ಇಮ್ಮಡಿ ಹರಿಹರ ಆಳುತ್ತಿದ್ದ. ಆ ಶತಮಾನದಲ್ಲೇ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದು ಊರನ್ನು ಕಂಡು ಬರೆದಿಟ್ಟ. ಕೋಟೆಯ ಸುತ್ತುಗಳು, ಬಜಾರುಗಳು, ನೀರಿನ ಕಾಲುವೆಗಳು ಇವತ್ತಿಗೂ ಅಳತೆ ಹಿಡಿಯಬಹುದಾದ ಸ್ಥಿತಿಯಲ್ಲಿವೆ.

ಯಾರಾದರೂ ಕೈ ಹಾಕುವುದಾದರೆ ಇಡೀ ಸಾಮ್ರಾಜ್ಯ ಕಟ್ಟಲು ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಗಾಥಿಕ್‌ನ ಕಣಿವೆಯಷ್ಟು ಸಾಕು. ತುಂಗಭದ್ರೆಯ ಈ ದಡ, ಆ ದಡದ ಆನೆಗೊಂದಿ, ನಡುವೆ ದಾಟಿಸುವ ಹರಿಗೋಲಿನವನು. ರಾಜನನ್ನಾಗಿಯೂ ಮಾಡಬೇಡಿ, ಕಲ್ಲು ಕೆತ್ತುವವನ ಮಗಳನ್ನು ಕೊಡಿ. ದಾರಿ ಕೇಳಿದರೆ ಜನ ಕನ್ನಡದಲ್ಲೇ ಹೇಳಲಿ.